ಐಡಿ ಹೋತು, ಕೇಳಾವ್ರು ಯಾರು?

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಹೊತ್ತು ಚಹಾದಂಗಡಿ ಮುಂದೆ ನಿಂತರೆ ಕೆಪಿಎಸ್‌ಸಿ, ಪಿಎಸ್‌ಐ, ಕಟ್‌ಆಫ್ ಎಂಬ ಮಾತುಗಳ ನಡುವೆ ಇನ್ನೊಂದು ಮಾತೂ ಕಿವಿಗೆ ಬೀಳುತ್ತದೆ: ‘ಲೇ, ನನ್ನ ಐಡಿ ಬ್ಯಾನ್ ಆತೋ.’ ಹುಬ್ಬಳ್ಳಿ ವಿದ್ಯಾನಗರದ ಕಾಲೇಜು ಹುಡುಗರ ಬಾಯಲ್ಲೂ ಅದೇ ಮಾತು. ಅದಕ್ಕೆ ಗೆಳೆಯ ಮೊದಲು ಕೇಳುವ ಪ್ರಶ್ನೆ ‘ಯಾಕ?’ ಅಂತಲ್ಲ, ‘ಎಷ್ಟ ಹಾಕಿದ್ದಿ?’ ಅಂತ. ಅಂದರೆ ಆ ಖಾತೆಗೆ ಎಷ್ಟು ರೊಕ್ಕ ಸುರಿದಿದ್ದೆ ಎಂದು. ಮನೆಯ ಹಿರಿಯರ ಕಿವಿಗೆ ಇದು ಬಿದ್ದರೆ ‘ಆಟ ಹೌದಲ್ಲೋ, ಹೋದ್ರ ಹೋತು, ಓದಾಕ ಕೂಡು’ ಎನ್ನುತ್ತಾರೆ. ಆ ಮಾತಿನಲ್ಲಿ ಅರ್ಧ ನ್ಯಾಯವಿದೆ. ಉಳಿದರ್ಧ ಅಷ್ಟು ಸಲೀಸಲ್ಲ, ಏಕೆಂದರೆ ಹೋಗುವುದು ಆಟ ಒಂದೇ ಅಲ್ಲ.

ಎರಡು ದಶಕದ ಹಿಂದೆ ಸೈಬರ್ ಕೆಫೆಯಲ್ಲಿ, ಹಾಸ್ಟೆಲ್ಲಿನ ಕಂಪ್ಯೂಟರುಗಳಿಗೆ ತಂತಿ ಎಳೆದು ‘ಕೌಂಟರ್ ಸ್ಟ್ರೈಕ್’ ಆಡುತ್ತಿದ್ದವರಿಗೆ ಕಳೆದುಕೊಳ್ಳಲು ಏನೂ ಇರಲಿಲ್ಲ. ಗಂಟೆಯ ಲೆಕ್ಕ ಮುಗಿದರೆ ರೊಕ್ಕ ಕೊಟ್ಟು ಎದ್ದು ಬಂದರಾಯಿತು. ಈಗಿನ ದೊಡ್ಡ ಆಟಗಳು ಹೆಚ್ಚಾಗಿ ಬಿಟ್ಟಿ. ಕಂಪನಿಗೆ ದುಡಿಮೆ ಆಗುವುದು ಆಟದೊಳಗಿನ ಸಾಮಾನಿನಿಂದ. ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಅಂದರೆ ಬಿಜಿಎಂಐಯಲ್ಲಿ ಯುಪಿಐ ಮೂಲಕ ರೂಪಾಯಿ ಕೊಟ್ಟು ‘ಯುಸಿ’ ಎಂಬ ಒಳಗಿನ ನಾಣ್ಯ ಕೊಳ್ಳುತ್ತಾರೆ. ಆ ಯುಸಿಯಿಂದ ಕ್ರೇಟ್ ತೆಗೆಯುತ್ತಾರೆ. ಕ್ರೇಟಿನಲ್ಲಿ ಏನು ಬರುತ್ತದೆ ಎಂಬುದು ಅದೃಷ್ಟದ ಮಾತು. ಎಂ416 ಬಂದೂಕಿನ ‘ಗ್ಲೇಷಿಯರ್’ ಸ್ಕಿನ್ ಇದ್ದವನಿಗೆ ಹುಡುಗರ ನಡುವೆ ಬೇರೆಯೇ ಮರ್ಯಾದೆ. ಬಂದೂಕು ಅದೇ, ಗುಂಡು ಅದೇ; ಮೈಮೇಲಿನ ಬಣ್ಣ ಮಾತ್ರ ಹಿಮದ್ದು. ಆದರೆ ಎಲ್ಲರ ಹತ್ತಿರ ಇಲ್ಲದ್ದು ಇವನ ಹತ್ತಿರ ಇದೆಯಲ್ಲ, ಬೆಲೆ ಹುಟ್ಟುವುದು ಅಲ್ಲಿ. ಪೈಠಣಿ ಸೀರೆಗೂ ಫ್ಯಾನ್ಸಿ ನಂಬರ್‌ಪ್ಲೇಟಿಗೂ ದುಬಾರಿ ಬೆಲೆ ಕೊಡುವ ನಾವು ಇದನ್ನು ನೋಡಿ ನಗುವ ಹಾಗಿಲ್ಲ.

ಇಂಥ ಸಾಮಾನಿನ ಮಾರುಕಟ್ಟೆ ಎರಡು ಬಗೆ. ಒಂದು, ಕಂಪನಿಯೇ ನಡೆಸುವುದು. ಅಮೆರಿಕದ ವಾಲ್ವ್ ಕಂಪನಿಯ ಆಟಗಳ ಆನ್‌ಲೈನ್ ಅಂಗಡಿ ‘ಸ್ಟೀಮ್’ 2012ರ ಡಿಸೆಂಬರಿನಲ್ಲಿ ತನ್ನ ಕಮ್ಯುನಿಟಿ ಮಾರ್ಕೆಟ್ ತೆರೆಯಿತು. 2013ರ ಆಗಸ್ಟಿನಲ್ಲಿ ಕೌಂಟರ್ ಸ್ಟ್ರೈಕ್‌ಗೆ ಸ್ಕಿನ್‌ಗಳು ಬಂದ ಮೇಲೆ ಅದು ನಿಜವಾದ ಪೇಟೆಯೇ ಆಯಿತು. 2015ರಿಂದ ಸ್ಟೀಮ್‌ನಲ್ಲಿ ರೂಪಾಯಿಯಲ್ಲೇ ವ್ಯವಹಾರ. ಲೆಕ್ಕ ಹೀಗೆ: ಮಾರುವವನ ಕೈಗೆ 100 ರೂಪಾಯಿ ಸೇರಬೇಕಾದರೆ ಕೊಳ್ಳುವವನು 115 ಕೊಡಬೇಕು. 5 ಸ್ಟೀಮ್‌ಗೆ, 10 ಆಟದ ಒಡೆಯನಿಗೆ. ಕೌಂಟರ್ ಸ್ಟ್ರೈಕ್‌ನ ಒಡೆಯನೂ ವಾಲ್ವ್ ಆದ್ದರಿಂದ ಎರಡೂ ಸೇರುವುದು ಒಂದೇ ಜೇಬಿಗೆ. ಅದೇ ಸ್ಕಿನ್ ಹತ್ತು ಕೈ ಬದಲಿಸಿದರೆ ಹತ್ತು ಸಲ ಕಮಿಷನ್. ಮಾರಿದವನ 100 ರೂಪಾಯಿಯೋ, ಅದು ಸ್ಟೀಮ್ ವಾಲೆಟ್ಟಿನಲ್ಲೇ ಉಳಿಯುತ್ತದೆ, ಬ್ಯಾಂಕಿಗೆ ಬರುವುದಿಲ್ಲ. ಅದರಲ್ಲಿ ಇನ್ನೊಂದು ಆಟವನ್ನೋ ಸ್ಕಿನ್ನನ್ನೋ ಕೊಳ್ಳಬೇಕು ಅಷ್ಟೆ.

ಈ ಪೇಟೆಯ ಸ್ವರೂಪ ತಿಳಿಯಬೇಕಾದರೆ ನಮ್ಮ ಅಮರಗೋಳದ ಎಪಿಎಂಸಿಯನ್ನು ನೆನೆಯಬಹುದು. ಅಲ್ಲಿ ರೈತ ಬೇರೆ, ದಲಾಲ ಬೇರೆ, ಖರೀದಿದಾರ ಬೇರೆ, ಮೇಲ್ವಿಚಾರಣೆಗೆ ಸಮಿತಿ ಬೇರೆ. ಜಗಳ, ಮೋಸ ಇಲ್ಲವೆಂದಲ್ಲ. ಆದರೆ ದಲಾಲನ ಲೈಸೆನ್ಸ್ ರದ್ದು ಮಾಡಬೇಕಾದರೂ ಅವನಿಗೆ ನೋಟಿಸ್ ಕೊಟ್ಟು ಅಹವಾಲು ಕೇಳಬೇಕು. ಆಟದ ಪೇಟೆಯಲ್ಲಿ ಜಾಗ ಕಂಪನಿಯದು, ತಕ್ಕಡಿ ಕಂಪನಿಯದು, ದಲಾಲಿ ಕಂಪನಿಯದು. ಮಾಲು ತಯಾರಿಸುವವನೂ ಅವನೇ, ತಂಟೆ ಬಂದರೆ ಪೊಲೀಸನೂ ಅವನೇ, ನ್ಯಾಯಾಧೀಶನೂ ಅವನೇ. 2025ರ ಅಕ್ಟೋಬರಿನಲ್ಲಿ ವಾಲ್ವ್ ಒಂದು ಸಣ್ಣ ಬದಲಾವಣೆ ತಂದಿತು. ಐದು ಕೆಂಪು ದರ್ಜೆಯ ಸ್ಕಿನ್‌ಗಳನ್ನು ಕೊಟ್ಟು ಚಾಕುವನ್ನೋ ಕೈಗವಸನ್ನೋ ಪಡೆಯಬಹುದೆಂದು ಹೇಳಿತು. ಅಲ್ಲಿಯವರೆಗೆ ಹೊಸ ಚಾಕು ಸಿಗಬೇಕಾದರೆ ‘ಕೇಸ್’ ಎಂಬ ಪೆಟ್ಟಿಗೆ ತೆರೆಯಬೇಕಿತ್ತು, ಅದೃಷ್ಟ ಶೇ 0.26ರಷ್ಟು. ಒಂದೇ ದಿನದಲ್ಲಿ ಚಾಕುಗಳ ದರ ನೆಲ ಕಚ್ಚಿತು, ಕೆಂಪು ಸ್ಕಿನ್‌ಗಳದ್ದು ಮೇಲೇರಿತು. ಯಾರ ಖಾತೆಯನ್ನೂ ಮುಚ್ಚದೆ ಎಷ್ಟೋ ಜನರ ‘ಆಸ್ತಿ’ ಕರಗಿಹೋಯಿತು. ಕೇಳಲು ಕಚೇರಿ ಇರಲಿಲ್ಲ.

ಅಂಥ ಒಡೆಯ ಖಾತೆಯನ್ನೇ ಮುಚ್ಚಿದರೆ? ಸ್ಟೀಮ್‌ನ ಒಪ್ಪಂದ ಸ್ಪಷ್ಟವಾಗಿದೆ: ನೀವು ಕೊಂಡದ್ದು ಸಾಮಾನಲ್ಲ, ಬಳಸುವ ಪರವಾನಗಿ. ಬೇರೆ ಕಂಪನಿಗಳ ಒಪ್ಪಂದಗಳ ಸಾರವೂ ಅಷ್ಟೇ. ಕಮಿಷನ್ ಎಣಿಸುವಾಗ ಅದು ಮಾಲು. ಬ್ಯಾನ್ ಮಾಡುವಾಗ ಅದು ಬರೀ ಪರವಾನಗಿ. ನನ್ನ ತಕರಾರು ಇರುವುದು ಈ ಎರಡು ನಾಲಿಗೆಯ ಬಗ್ಗೆಯೇ ಹೊರತು ಬ್ಯಾನ್ ಮಾಡುವ ಅಧಿಕಾರದ ಬಗ್ಗೆ ಅಲ್ಲ.

ಬ್ಯಾನ್ ಬೇಕೇ ಬೇಕು. ಗೋಡೆಯ ಆಚೆ ಇರುವವನನ್ನು ತೋರಿಸುವ, ಗುರಿ ತಾನೇ ಹಿಡಿಯುವ ಹ್ಯಾಕ್‌ಗಳನ್ನು ಹಾಕಿಕೊಂಡು ಆಡುವವನು ಉಳಿದವರ ಆಟ ಕೆಡಿಸುತ್ತಾನೆ. ಕದ್ದ ಕಾರ್ಡಿನಲ್ಲಿ ಸಾಮಾನು ಕೊಂಡು ಮಾರುವವರಿದ್ದಾರೆ. ಪರರ ಖಾತೆ ಕದ್ದು ಬರಿದು ಮಾಡುವವರಿದ್ದಾರೆ. 2015ರಲ್ಲಿ ವಾಲ್ವ್ ಹೇಳಿಕೊಂಡ ಪ್ರಕಾರ ತಿಂಗಳಿಗೆ ಸುಮಾರು 77,000 ಸ್ಟೀಮ್ ಖಾತೆಗಳು ಕಳುವಾಗುತ್ತಿದ್ದವು. ಕೌಂಟರ್ ಸ್ಟ್ರೈಕ್ ಕೇಸುಗಳ ಕೀಲಿಯನ್ನು ಹಣದ ಮೂಲ ಮುಚ್ಚಿಡಲು ಬಳಸುತ್ತಿದ್ದಾರೆಂದು ತಿಳಿದು 2019ರಲ್ಲಿ ಹೊಸದಾಗಿ ಕೊಂಡ ಕೀಲಿಗಳ ಮರುಮಾರಾಟವನ್ನೇ ನಿಲ್ಲಿಸಿತು. ಪೇಟೆ ಅಂದಮೇಲೆ ಕಳ್ಳರೂ ಬರುತ್ತಾರೆ, ಕಾವಲುಗಾರನೂ ಬೇಕಾಗುತ್ತಾನೆ.

ಕಾರಣ ಯಾಕೆ ಹೇಳುವುದಿಲ್ಲ ಎಂಬುದಕ್ಕೂ ಕಂಪನಿಗಳ ಹತ್ತಿರ ಉತ್ತರವಿದೆ. ಯಾವ ಹ್ಯಾಕ್ ಹೇಗೆ ಸಿಕ್ಕಿಬಿತ್ತು ಎಂದು ಬಾಯಿಬಿಟ್ಟರೆ ಅದನ್ನು ಬರೆದವನು ನಾಳೆಯೇ ದಾರಿ ಬದಲಿಸುತ್ತಾನೆ. ಅದಕ್ಕೇ ವಾಲ್ವ್‌ನ ‘ವ್ಯಾಕ್’ ವ್ಯವಸ್ಥೆ ಸಿಕ್ಕವನನ್ನು ಆಗಲೇ ಹಿಡಿಯದೆ ಕೆಲವು ದಿನ ಬಿಟ್ಟು, ಸಾವಿರಾರು ಜನರನ್ನು ಒಟ್ಟಿಗೆ ಹೊರಹಾಕುತ್ತದೆ. ವ್ಯಾಕ್ ಬ್ಯಾನ್ ಶಾಶ್ವತ; ಅದರ ಬಗ್ಗೆ ಚೌಕಾಸಿ ಇಲ್ಲ, ಸಹಾಯವಾಣಿಯವರೂ ತೆಗೆಯಲಾರರು. ಕೌಂಟರ್ ಸ್ಟ್ರೈಕ್‌ನಲ್ಲಿ ಅದು ಬಿದ್ದರೆ ಆ ಖಾತೆಯ ಸ್ಕಿನ್‌ಗಳನ್ನು ಮಾರುವಂತಿಲ್ಲ, ಕೊಡುವಂತಿಲ್ಲ. ಕಣ್ಣಿಗೆ ಕಾಣುತ್ತವೆ, ಕೈಗೆ ಬರುವುದಿಲ್ಲ.

ಯಂತ್ರ ತಪ್ಪುವುದಿಲ್ಲವೆಂದಿದ್ದರೆ ಇದೆಲ್ಲ ಸರಿ. ಆದರೆ 2010ರ ಜುಲೈನಲ್ಲಿ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2’ ಆಡುತ್ತಿದ್ದ ಸುಮಾರು 12,000 ಜನ ಎರಡು ವಾರದ ಅವಧಿಯಲ್ಲಿ ಹ್ಯಾಕರ್‌ಗಳೆಂಬ ಹಣೆಪಟ್ಟಿ ಹೊತ್ತರು. ತಪ್ಪು ಸ್ಟೀಮ್‌ನದ್ದೇ ಆಗಿತ್ತು. ವಾಲ್ವ್ ಮುಖ್ಯಸ್ಥ ಗೇಬ್ ನ್ಯೂವೆಲ್ ಕ್ಷಮೆ ಕೇಳಿ, ಬ್ಯಾನ್ ತೆಗೆದು, ಪ್ರತಿಯೊಬ್ಬರಿಗೂ ‘ಲೆಫ್ಟ್ 4 ಡೆಡ್ 2’ ಆಟವನ್ನು ಪುಕ್ಕಟೆ ಕೊಟ್ಟರು. 2023ರ ಅಕ್ಟೋಬರಿನಲ್ಲಿ ಮತ್ತೊಂದು. ಎಎಂಡಿ ಗ್ರಾಫಿಕ್ಸ್ ಕಾರ್ಡಿನ ಹೊಸ ಡ್ರೈವರ್‌ನಲ್ಲಿ ‘ಆ್ಯಂಟಿ ಲ್ಯಾಗ್ ಪ್ಲಸ್’ ಎಂಬ ಸೌಲಭ್ಯವಿತ್ತು. ಅದನ್ನು ಆನ್ ಮಾಡಿ ‘ಕೌಂಟರ್ ಸ್ಟ್ರೈಕ್ 2’ ಆಡಿದವರು ಬ್ಯಾನ್ ಆದರು. ಅವರು ಒತ್ತಿದ್ದು ಕಾರ್ಡ್ ತಯಾರಕನೇ ಕೊಟ್ಟ ಗುಂಡಿ. ಎಎಂಡಿ ಆ ಡ್ರೈವರನ್ನೇ ವಾಪಸ್ ಪಡೆಯಿತು, ಬ್ಯಾನ್‌ಗಳೂ ರದ್ದಾದವು. ಎರಡೂ ಸಲ ನ್ಯಾಯ ಸಿಕ್ಕಿದ್ದು ನೊಂದವರ ಸಂಖ್ಯೆ ದೊಡ್ಡದಿದ್ದುದರಿಂದ. ಒಬ್ಬನೇ ಆಗಿದ್ದರೆ? ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಮನೆಯಲ್ಲಿ ಕೂತು ಆಡುವ ಹುಡುಗ ಕಳಿಸಿದ ಇ–ಮೇಲ್‌ಗೆ ಬರುವುದು ಯಂತ್ರ ಬರೆದ ಎರಡು ಸಾಲು.

ಇನ್ನು ಎರಡನೇ ಬಗೆಯ ಮಾರುಕಟ್ಟೆ. ನಮ್ಮೂರಿನ ಹುಡುಗರ ರೊಕ್ಕ ಹೆಚ್ಚು ಓಡಾಡುವುದು ಇಲ್ಲಿಯೇ. ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್‌ಗಳಲ್ಲಿ ಒಬ್ಬ ಇನ್ನೊಬ್ಬನಿಗೆ ಸ್ಕಿನ್ ಮಾರುವ ಪೇಟೆ ಇಲ್ಲ. ಹಾಗಾಗಿ ಇಡೀ ಐಡಿಯನ್ನೇ ಮಾರುತ್ತಾರೆ. ಟೆಲಿಗ್ರಾಮ್, ಇನ್‌ಸ್ಟಾಗ್ರಾಮ್‌ಗಳಲ್ಲಿ ‘ಐಡಿ ಫಾರ್ ಸೇಲ್’ ಎಂದು ವಿಡಿಯೊ ಹಾಕಿ ಒಂದೊಂದೇ ಡ್ರೆಸ್, ಬಂದೂಕು ತೋರಿಸುತ್ತಾರೆ. ದರ ಕುದುರಿದ ಮೇಲೆ ನಂಬಿಕೆಯ ಪ್ರಶ್ನೆ: ಮೊದಲು ರೊಕ್ಕವೋ, ಮೊದಲು ಪಾಸ್‌ವರ್ಡೋ? ಅದಕ್ಕೆ ‘ಮಿಡ್ಲ್‌ಮ್ಯಾನ್’ ಒಬ್ಬ ಬರುತ್ತಾನೆ, ಅವನಿಗೊಂದು ಪಾಲು. ಕೊಂಡವನು ಪಾಸ್‌ವರ್ಡ್, ಫೋನ್ ನಂಬರ್ ಬದಲಿಸಿ ನಿರಾಳವಾಗುತ್ತಾನೆ. ಸ್ವಲ್ಪ ದಿನ ಕಳೆದು ಮಾರಿದವನು ‘ನನ್ನ ಖಾತೆ ಕಳುವಾಗಿದೆ, ಮೊದಲಿನ ಮೇಲ್ ನನ್ನದೇ ನೋಡಿ’ ಎಂದು ಅರ್ಜಿ ಹಾಕಿ ಐಡಿ ಎಳೆದುಕೊಳ್ಳುತ್ತಾನೆ. ಇಲ್ಲವೇ ಅವನು ಹಿಂದೆಂದೋ ಹ್ಯಾಕ್ ಹಾಕಿದ ಪಾಪ ಈಗ ಹೊರಬಿದ್ದು, ಕೊಂಡವನ ತಲೆ ಮೇಲೆ ಬ್ಯಾನ್ ಬೀಳುತ್ತದೆ. ಬಿಜಿಎಂಐಯ ಹಿಂದಿನ ಅವತಾರವಾದ ಪಬ್‌ಜಿ ಮೊಬೈಲ್ ಕಾಲದಿಂದ ಹುಡುಗರಿಗೆ ಚೆನ್ನಾಗಿ ಗೊತ್ತಿರುವ ಆ ಹತ್ತು ವರ್ಷದ ಬ್ಯಾನ್. ಕಂಪನಿಯನ್ನು ಕೇಳಿದರೆ ಐಡಿ ಕೊಂಡದ್ದೇ ನಿಯಮದ ಉಲ್ಲಂಘನೆ. ಮನೆಯಲ್ಲಿ ಹೇಳುವಂತಿಲ್ಲ. ಮೋಸ ಆಗಿದ್ದರೆ ಸೈಬರ್ ಅಪರಾಧ ನೋಡುವ ಹುಬ್ಬಳ್ಳಿಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಬಹುದು, ಹಣಕಾಸು ವಂಚನೆಗೆಂದೇ 1930 ಸಹಾಯವಾಣಿ ಇದೆ. ಆದರೆ ‘ಗ್ಲೇಷಿಯರ್ ಹೋತು ಸರ್’ ಎಂದು ಠಾಣೆಯ ಮೆಟ್ಟಿಲು ಹತ್ತುವ ಧೈರ್ಯ ಎಷ್ಟು ಹುಡುಗರಿಗಿದ್ದೀತು?

ಹೊರದೇಶಗಳಲ್ಲಿ ಮಾತ್ರ ಇಂಥ ಜಗಳ ಕೋರ್ಟಿನ ಕಟ್ಟೆ ಹತ್ತಿ ಬಹಳ ಕಾಲವಾಯಿತು. ಬ್ಯಾನ್ ವಿಷಯದಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ್ದು ಅಮೆರಿಕದ ಮಾರ್ಕ್ ಬ್ರ್ಯಾಗ್ ಪ್ರಕರಣ. ‘ಸೆಕೆಂಡ್ ಲೈಫ್’ ಎಂಬ ಕಂಪ್ಯೂಟರ್ ಲೋಕದಲ್ಲಿ ಜನ ನಿಜವಾದ ಡಾಲರ್ ಕೊಟ್ಟು ಜಮೀನು ಕೊಳ್ಳುತ್ತಿದ್ದರು. ಅದನ್ನು ನಡೆಸುವ ಲಿಂಡೆನ್ ಲ್ಯಾಬ್‌ನ ಫಿಲಿಪ್ ರೋಸ್‌ಡೇಲ್ ‘ಇಲ್ಲಿ ಕೊಂಡ ಜಮೀನಿಗೆ ನೀವೇ ಒಡೆಯರು’ ಎಂಬರ್ಥದಲ್ಲಿ ಊರೆಲ್ಲ ಸಾರಿದ್ದರು. ಪೆನ್ಸಿಲ್ವೇನಿಯಾದ ವಕೀಲ ಬ್ರ್ಯಾಗ್ 2006ರಲ್ಲಿ 300 ಡಾಲರಿಗೆ ಒಂದು ತುಂಡು ಜಮೀನು ಹಿಡಿದರು. ಹರಾಜಿನ ವೆಬ್ ವಿಳಾಸದಲ್ಲಿ ಕೈಚಳಕ ತೋರಿಸಿ ಅಗ್ಗಕ್ಕೆ ಹೊಡೆದಿದ್ದಾರೆ ಎಂದು ಕಂಪನಿ ಆರೋಪಿಸಿತು. ಆ ತುಂಡನ್ನಷ್ಟೇ ಹಿಂಪಡೆದಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಅದು ಇಡೀ ಖಾತೆಗೆ ಬೀಗ ಹಾಕಿ, ತಂಟೆಯೇ ಇಲ್ಲದ ಉಳಿದ ಜಮೀನು, ಒಳಗಿದ್ದ ಹಣ ಎಲ್ಲವನ್ನೂ ತೆಗೆದುಕೊಂಡಿತು.

ಬ್ರ್ಯಾಗ್ ದಾವೆ ಹೂಡಿದಾಗ ಕಂಪನಿ ತನ್ನ ಷರತ್ತು ತೋರಿಸಿತು: ತಕರಾರಿದ್ದರೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ದುಬಾರಿ ಮಧ್ಯಸ್ಥಿಕೆಯ ಮುಂದೆ. 2007ರ ಮೇ ತಿಂಗಳಲ್ಲಿ ನ್ಯಾಯಾಧೀಶ ಎಡ್ವರ್ಡೊ ರೊಬ್ರೆನೊ ಅದನ್ನು ಒಪ್ಪಲಿಲ್ಲ. ಒಪ್ಪಿಕೋ ಇಲ್ಲವೇ ಬಿಡು ಎಂಬ ಕರಾರು, ಷರತ್ತು ಬದಲಿಸುವ ಹಕ್ಕು ಒಬ್ಬನಿಗೇ, ಖಾತೆಗೆ ಬೀಗ ಹಾಕುವ ಹಕ್ಕೂ ಅವನಿಗೇ. ಎದುರಿನವನಿಗೆ ಇರುವುದು ದೂರದೂರಿನ ದಾರಿ ಒಂದೇ. ಇಂಥ ಏಕಪಕ್ಷೀಯ ಷರತ್ತಿಗೆ ಕೋರ್ಟು ಬಲ ಕೊಡುವುದಿಲ್ಲ ಎಂದರು. ಜಮೀನು ಯಾರದ್ದು ಎಂಬ ಮೂಲ ಪ್ರಶ್ನೆ ತೀರ್ಮಾನ ಆಗುವ ಮೊದಲೇ ಇಬ್ಬರೂ ರಾಜಿಯಾದರು, ಬ್ರ್ಯಾಗ್ ಖಾತೆ ಮರಳಿ ಬಂತು. ಬ್ರ್ಯಾಗ್ ಸಾಚಾ ಎಂದು ನಾನು ಹೇಳುತ್ತಿಲ್ಲ. ಒಂದು ಕಡೆ ತಪ್ಪು ಮಾಡಿದವನ ಎಲ್ಲ ಗಂಟನ್ನೂ ವಿಚಾರಣೆ ಇಲ್ಲದೆ ಹೊತ್ತೊಯ್ಯಬಹುದೇ ಎಂಬುದು ಅಲ್ಲಿದ್ದ ಪ್ರಶ್ನೆ. ಇವತ್ತೂ ಅದೇ ಪ್ರಶ್ನೆ.

ಚೀನಾ ಅದಕ್ಕೂ ಮೊದಲೇ ಈ ದಾರಿ ನೋಡಿತ್ತು. ಆಟದಲ್ಲಿ ಗಳಿಸಿದ ಆಯುಧಗಳು ಕಳುವಾದವೆಂದು ಒಬ್ಬ ಆಟಗಾರ ಕಂಪನಿಯ ಮೇಲೆ ಹೂಡಿದ ಮೊಕದ್ದಮೆಯಲ್ಲಿ, 2003ರ ಡಿಸೆಂಬರಿನಲ್ಲಿ ಬೀಜಿಂಗ್ ನ್ಯಾಯಾಲಯ ‘ವಸ್ತು ಮರಳಿಸಿ’ ಎಂದು ಆದೇಶ ಕೊಟ್ಟಿತು. ನೆದರ್ಲೆಂಡ್ಸ್‌ನಲ್ಲಿ ಒಬ್ಬ ಹುಡುಗನನ್ನು ಹೊಡೆದು ‘ರೂನ್‌ಸ್ಕೇಪ್’ ಆಟದೊಳಗಿನ ತಾಯಿತ, ಮುಖವಾಡ ಕಿತ್ತುಕೊಂಡಿದ್ದನ್ನು ಅಲ್ಲಿನ ಸುಪ್ರೀಂ ಕೋರ್ಟ್ 2012ರಲ್ಲಿ ಕಳ್ಳತನವೆಂದೇ ಎಣಿಸಿತು. ದುಡಿದು ಗಳಿಸಿದ್ದು, ಬೆಲೆ ಇರುವುದು, ಇವನ ಕೈಯಿಂದ ಅವನ ಕೈಗೆ ಹೋಗಬಲ್ಲದ್ದು. ವಸ್ತು ಎನ್ನಲು ಇನ್ನೇನು ಬೇಕು?

ನಮ್ಮಲ್ಲಿ? ಬೆನ್ನಿಗೆ ನಿಲ್ಲುವ ಕಾನೂನು ಇಲ್ಲವೆಂದಲ್ಲ. 1986ರಲ್ಲಿ ಸುಪ್ರೀಂ ಕೋರ್ಟ್ ಬ್ರೋಜೋನಾಥ್ ಗಂಗೂಲಿ ಪ್ರಕರಣದಲ್ಲಿ, ಕಾರಣ ಹೇಳದೆ ಮೂರು ತಿಂಗಳ ನೋಟಿಸಿನ ಮೇಲೆ ನೌಕರನನ್ನು ಮನೆಗೆ ಕಳಿಸಬಹುದೆಂಬ ಸರ್ಕಾರಿ ನಿಗಮವೊಂದರ ನಿಯಮವನ್ನು ಹೊಡೆದುಹಾಕಿತು. ಬಲಾಢ್ಯನೊಬ್ಬ ಅಚ್ಚು ಹಾಕಿಸಿಟ್ಟ ಕರಾರಿಗೆ ಬಡಪಾಯಿ ಸಹಿ ಹಾಕಿದ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲ ಎಂಬ ತತ್ವ ಅಲ್ಲಿಂದ ಬಂತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಅನ್ಯಾಯದ ಕರಾರು’ ಎಂಬ ಕಲ್ಪನೆಯನ್ನೇ ಒಳಗೆ ತಂದಿತು. ಸಮಂಜಸ ಕಾರಣವಿಲ್ಲದೆ ಒಂದು ಕಡೆಯವರೇ ಕರಾರು ಮುರಿಯಬಹುದೆಂಬ ಷರತ್ತು ಅದರ ವ್ಯಾಖ್ಯೆಯಲ್ಲೇ ಇದೆ. ಬ್ಯಾನ್ ಷರತ್ತುಗಳಿಗೆ ಅಳತೆ ತೆಗೆದು ಹೊಲಿದಂತಿದೆ.

ತೊಡಕು ಬೇರೆ ಕಡೆ ಇದೆ. ಅನ್ಯಾಯದ ಕರಾರಿನ ದೂರು ಜಿಲ್ಲಾ ಆಯೋಗದ ಮುಂದೆ ಬರುವುದಿಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ಧಾರವಾಡದಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. ನೀವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ಅಲ್ಲಿ ವಾದಿಸಬೇಕಾದ್ದು ‘ಸೇವಾ ನ್ಯೂನತೆ’ ಎಂದು. ಮಾರುವ ಸಲುವಾಗಿಯೇ ಕೊಳ್ಳುವವನನ್ನು ಕಾಯ್ದೆ ಗ್ರಾಹಕ ಎಂದು ಎಣಿಸುವುದಿಲ್ಲ, ಹಾಗಾಗಿ ಸ್ಕಿನ್ ವ್ಯಾಪಾರವನ್ನೇ ಕಸುಬು ಮಾಡಿಕೊಂಡವನ ದಾರಿ ಇನ್ನೂ ಇಕ್ಕಟ್ಟು. ಹದಿನೆಂಟು ತುಂಬದ ಹುಡುಗನ ಕರಾರು ಮೊದಲಿಗೇ ಅಸಿಂಧು. 1903ರ ಮೊಹೊರಿ ಬೀಬಿ ತೀರ್ಪಿನಿಂದ ಇದು ನಿಂತ ಮಾತು. ಹಾಗಾದರೆ ಅವನು ಅಪ್ಪನ ಫೋನಿನಿಂದ ಕೊಂಡ ಯುಸಿ ಯಾವ ಕರಾರಿನ ಮೇಲೆ ಕೊಂಡದ್ದು? ಬಿಜಿಎಂಐ 2021ರಲ್ಲಿ ಬಂದಾಗ ಅಪ್ರಾಪ್ತರಿಗೆ ಹಾಕಿದ ಖರ್ಚಿನ ಮಿತಿ ದಿನಕ್ಕೆ 7,000 ರೂಪಾಯಿ. ಮಿತಿ ಎಂಬ ಮಾತಿಗೇ ನಗು ಬರುವಷ್ಟು ಧಾರಾಳ. ವಿದೇಶಿ ಕಂಪನಿಯ ಮಾತಂತೂ ಕೇಳಲೇಬೇಡಿ: 2024ರ ಸೆಪ್ಟೆಂಬರಿನಲ್ಲಿ ಸ್ಟೀಮ್ ಕಡ್ಡಾಯ ಮಧ್ಯಸ್ಥಿಕೆಯ ಷರತ್ತು ಕೈಬಿಟ್ಟಿತು, ಬದಲಿಗೆ ತೋರಿಸಿದ್ದು ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯ ಕೋರ್ಟುಗಳನ್ನು. ಧಾರವಾಡದ ಪಕ್ಕದ ಬೇಲೂರಿನ ಹೈಕೋರ್ಟ್ ಪೀಠಕ್ಕೇ ಹೋಗಲು ಹಿಂಜರಿಯುವವರು ನಾವು.

ಕಂಪನಿಗಳನ್ನಷ್ಟೇ ಬೈದರೆ ಸರ್ಕಾರ ತಪ್ಪಿಸಿಕೊಳ್ಳುತ್ತದೆ. ಈ ದೇಶದ ಹುಡುಗರು ಕಂಡ ಅತಿ ದೊಡ್ಡ ಬ್ಯಾನ್‌ಗಳು ದೆಹಲಿಯಿಂದ ಬಂದವು. 2020ರ ಸೆಪ್ಟೆಂಬರ್ 2ರಂದು 118 ಆ್ಯಪ್‌ಗಳ ಜೊತೆ ಪಬ್‌ಜಿ ಹೋಯಿತು. 2022ರ ಫೆಬ್ರುವರಿಯಲ್ಲಿ 54 ಆ್ಯಪ್‌ಗಳ ಜೊತೆ ಫ್ರೀ ಫೈರ್ ಹೋಯಿತು. ಅದೇ ವರ್ಷದ ಜುಲೈನಲ್ಲಿ ಬಿಜಿಎಂಐ ಆ್ಯಪ್ ಸ್ಟೋರುಗಳಿಂದ ಕಾಣೆಯಾಗಿ, 2023ರ ಮೇನಲ್ಲಿ ಮರಳಿತು. ದೇಶದ ಭದ್ರತೆಯ ಪ್ರಶ್ನೆ ಸರ್ಕಾರಕ್ಕೆ ಬಿಟ್ಟದ್ದು. ಆದರೆ ಒಳಗೆ ರೊಕ್ಕ ಹಾಕಿದವನ ಬಾಕಿ ಏನಾಗಬೇಕು ಎಂಬ ಬಗ್ಗೆ ಆ ಆದೇಶಗಳಲ್ಲಿ ಚಕಾರವಿಲ್ಲ. ಕರ್ನಾಟಕ 2021ರಲ್ಲಿ ತಂದ ಆನ್‌ಲೈನ್ ಆಟದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಕೇಂದ್ರವೇ ಕಾಯ್ದೆ ತಂದು ಹಣ ಹೂಡಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿತು. ಪಣದ ವ್ಯಾಖ್ಯೆಯಲ್ಲಿ ರೊಕ್ಕ ಕೊಟ್ಟು ಕೊಂಡ ನಾಣ್ಯ, ಟೋಕನ್, ವಸ್ತುಗಳನ್ನೂ ಸೇರಿಸಿತು. ಓಸಿ, ಮಟಕಾ ಕಂಡ ಈ ಊರಿಗೆ ಅದರ ಅಗತ್ಯ ಬಿಡಿಸಿ ಹೇಳಬೇಕಿಲ್ಲ. ಗಮನಿಸಿ, ಪಣಕ್ಕಿಟ್ಟಾಗ ಸ್ಕಿನ್ನಿಗೆ ಬೆಲೆಯಿದೆ ಎಂದು ಕಾನೂನು ಒಪ್ಪಿತು. ಕಂಪನಿ ಕಿತ್ತುಕೊಂಡಾಗಲೂ ಅದಕ್ಕೆ ಅದೇ ಬೆಲೆ ಇರಬೇಕಲ್ಲ?

ಬ್ಯಾನ್ ಮಾಡಲಿ, ಆದರೆ ಯಾವ ನಿಯಮ ಮುರಿದದ್ದಕ್ಕೆ ಎಂದು ಹೇಳಲಿ. ಹ್ಯಾಕ್ ಹಿಡಿದ ಗುಟ್ಟು ಬಿಡಬೇಕಿಲ್ಲ. ಮೇಲ್ಮನವಿಯನ್ನು ಒಬ್ಬ ಮನುಷ್ಯ ಓದಲಿ. ಖರ್ಚಾಗದೆ ಉಳಿದ ವಾಲೆಟ್ ಹಣವನ್ನು, ವಂಚನೆಯಿಂದ ಬಂದದ್ದಲ್ಲದಿದ್ದರೆ, ವಾಪಸ್ ಕೊಡಲಿ. ಅನ್ಯಾಯದ ಕರಾರಿನ ದೂರನ್ನು ಜಿಲ್ಲಾ ಆಯೋಗವೂ ಕೇಳುವಂತೆ ಕಾಯ್ದೆ ತಿದ್ದಲಿ. ಇದರಲ್ಲಿ ಯಾವುದೂ ದೊಡ್ಡ ಬೇಡಿಕೆಯಲ್ಲ.

ಅಲ್ಲಿಯವರೆಗೆ ಆಡುವವರಿಗೆ, ಅವರ ಅಪ್ಪ–ಅಮ್ಮಂದಿರಿಗೆ ಇಷ್ಟು ಹೇಳಬಹುದು. ಕೊಂಡ ಪ್ರತಿಯೊಂದರ ಯುಪಿಐ ರಸೀದಿ, ಇ–ಮೇಲ್ ಇಟ್ಟುಕೊಳ್ಳಿ. ಬ್ಯಾನ್ ಸಂದೇಶ ಬಂದ ಕೂಡಲೇ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಕಂಪನಿಯ ಸಹಾಯವಾಣಿಗಷ್ಟೇ ಅಲ್ಲ, ಭಾರತದ ಕುಂದುಕೊರತೆ ಅಧಿಕಾರಿಗೂ ಲಿಖಿತವಾಗಿ ಬರೆಯಿರಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಿ. ಮತ್ತೆ, ಟೆಲಿಗ್ರಾಮಿನಲ್ಲಿ ಪರರ ಐಡಿ ಮಾತ್ರ ಕೊಳ್ಳಬೇಡಿ.